ಹತ್ತೋದೇ ಬಿಟ್ಟಿದ್ದೀನಲ್ಲ

"ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಾ ಅಮ್ಮಾ?" ಎಂದು ಹೃದ್ರೋಗ ತಜ್ಞೆ ಕೇಳಿದರು. "ಇಲ್ಲಮ್ಮ, ಹತ್ತೋದೇ ಬಿಟ್ಟಿದ್ದೀನಲ್ಲ" ಅಂದಳು ಅಮ್ಮ.

ಮಂಗಳವಾರದಿಂದ ಈ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ಇದೇ ಪ್ರಶ್ನೆಯನ್ನು ಹೊರಗೆ ಇನ್ನೊಬ್ಬರು ಕೇಳಿದ್ದರು. "ಇಲ್ಲ" ಕಿವಿಗೆ ಬಿದ್ದದ್ದೇ ತಡ, ತೊಂದರೆಯಿಲ್ಲ ಎಂದು ಗೀಚಿ ಮುಂದಕ್ಕೆ ಹೋದರು. ಈ ವೈದ್ಯೆ ಮಾತ್ರ ಪೆನ್ನು ಕೆಳಗಿಟ್ಟು, "ಯಾವಾಗಿಂದ ಬಿಟ್ಟಿರಿ?" ಎಂದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲೇ.

ಅಮ್ಮನಿಗೆ 76. ನಡೆಸಿ ಹೃದಯಕ್ಕೆ ಶ್ರಮ ಕೊಟ್ಟು ನೋಡುವ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ 3 ನಿಮಿಷಕ್ಕೊಮ್ಮೆ ವೇಗವೂ ಏರುತ್ತದೆ, ಏರೂ ಕಡಿದಾಗುತ್ತದೆ. ಅವಳ ವಯಸ್ಸಿಗೆ ನಾಡಿಮಿಡಿತ ಸುಮಾರು 122 ಮುಟ್ಟಬೇಕು. ಹೃದಯ ಅಲ್ಲಿಗೆ ತಲುಪುವ ಮೊದಲೇ ಮೊಣಕಾಲು ಕೈಕೊಡುತ್ತದೆ. ಹಾಗಾಗಿ ನಡೆಸದೆ, ಅಡಿನೋಸಿನ್ ಔಷಧಿಯನ್ನು ರಕ್ತನಾಳಕ್ಕೆ ಹರಿಸಿ ಚಿತ್ರ ತೆಗೆಯುವ ಪರೀಕ್ಷೆ ಬರೆದರು. ಆ ಔಷಧಿಗೆ ಆರೋಗ್ಯವಂತ ರಕ್ತನಾಳಗಳು ಹಿಗ್ಗುತ್ತವೆ, ಕಿರಿದಾದವು ಅಷ್ಟು ಹಿಗ್ಗಲಾರವು. ಜೊತೆಗೆ ಕೊಡುವ ವಿಕಿರಣಶೀಲ ಟೆಕ್ನೀಷಿಯಂ ರಕ್ತ ಹೆಚ್ಚು ಹರಿದಲ್ಲಿ ಹೆಚ್ಚು, ಕಡಿಮೆ ಹರಿದಲ್ಲಿ ಕಡಿಮೆ ಸೇರುತ್ತದೆ. ವಿಶ್ರಾಂತಿಯಲ್ಲಿ ತೆಗೆದ ಚಿತ್ರದ ಪಕ್ಕ ಇಟ್ಟು ನೋಡುತ್ತಾರೆ. ಕೆಫೀನ್ ಈ ಔಷಧಿಗೆ ಅಡ್ಡ ಬರುವುದರಿಂದ ಹಿಂದಿನ ದಿನದಿಂದಲೇ ಕಾಫಿ, ಟೀ ಬಂದ್.

ಔಷಧಿ ಹರಿಯುವಾಗ ಎದೆ ಭಾರವಾಗಿ ಅಮ್ಮ ಗಾಬರಿಯಾದಳು. ಆದರೆ ಅಲ್ಲಿದ್ದ ತಂತ್ರಜ್ಞ, ಚಿಕ್ಕ ಹುಡುಗ, "ಹೀಗಾಗುತ್ತೆ, ನಿಲ್ಲಿಸಿದ ತಕ್ಷಣ ಹೋಗುತ್ತೆ ಅಜ್ಜಿ" ಎಂದು ಮೊದಲೇ ಹೇಳಿದ್ದ. ಹಾಗೇ ಆಯಿತು, ರಕ್ತದಲ್ಲಿ ಅದರ ಆಯುಷ್ಯ ಕೆಲವೇ ಸೆಕೆಂಡು. ಅವಳಿಗೆ ಹೆಚ್ಚು ನೋವಾದದ್ದು ಕ್ಯಾಮೆರಾದ ಕೆಳಗೆ ತೋಳು ತಲೆಯ ಮೇಲಕ್ಕೆತ್ತಿ ಅಲ್ಲಾಡದೆ ಮಲಗಿದಾಗ. ವಯಸ್ಸಾದ ಭುಜದ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ, ಎಚ್ಚರಿಸಬೇಕು.

ಒಂದು ಕಡೆ ರಕ್ತ ಸ್ವಲ್ಪ ಕಡಿಮೆ ಹರಿಯುತ್ತಿದೆ, ಪಂಪ್ ಮಾಡುವ ಶಕ್ತಿ ಚೆನ್ನಾಗಿದೆ ಎಂದು ವರದಿ ಬಂತು. ಅಣ್ಣ ಫೋನಿನಲ್ಲೇ ತೀರ್ಪು ಕೊಟ್ಟ: "ಆಂಜಿಯೋಗ್ರಾಂ ಮಾಡಿಸಿ, ಸ್ಟೆಂಟ್ ಹಾಕಿಸಿಬಿಡೋಣ." ಅವನ ಪ್ರೀತಿ ಯಾವಾಗಲೂ ಅವಸರದ್ದೇ. ವೈದ್ಯೆ ಮೊದಲು ಮಾತ್ರೆ ಎಂದರು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಎಂಬ ಹೃದ್ರೋಗ ಅಧ್ಯಯನದಲ್ಲಿ 5,000ಕ್ಕೂ ಹೆಚ್ಚು ಮಂದಿ ಇದ್ದರು. ಕಾಯಿಲೆ ಸ್ಥಿರವಾಗಿದ್ದ ಅವರಲ್ಲಿ ಮೊದಲೇ ಸ್ಟೆಂಟ್, ಬೈಪಾಸ್‌ಗೆ ಹೋದವರ ಸಾವು ಕಡಿಮೆಯಾಗಲಿಲ್ಲ. ಎದೆನೋವು ಕಾಡುತ್ತಿದ್ದವರಿಗೆ ಮಾತ್ರ ಹೆಚ್ಚು ಆರಾಮ ಸಿಕ್ಕಿತು.

ಹಾಗಾದರೆ ಅಮ್ಮನ ವಿಷಯದಲ್ಲಿ ಎಲ್ಲವೂ ನಿಂತಿರುವುದು ಅವಳಿಗೆ ಎಷ್ಟು ತೊಂದರೆಯಿದೆ ಎಂಬುದರ ಮೇಲೆ. ತೊಂದರೆಯಾಗುವ ಕೆಲಸವನ್ನೆಲ್ಲ ಒಂದೊಂದಾಗಿ ಕೈಬಿಟ್ಟವಳು "ಏನೂ ಇಲ್ಲ" ಎನ್ನದೆ ಇನ್ನೇನು ಅಂದಾಳು? ವಯಸ್ಸಾದವರ ಹೃದಯದ ಕಾಯಿಲೆ ಹಲವು ಸಲ ಎದೆನೋವಾಗಿ ಬರುವುದೇ ಇಲ್ಲ, ಏದುಸಿರಾಗಿ, ಸುಸ್ತಾಗಿ ಬರುತ್ತದೆ. ಅದನ್ನು ಎಲ್ಲರೂ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಏನಾಗುತ್ತಿದೆ ಎಂದು ಕೇಳಿದರೆ ಸಾಲದು, ಏನು ಬಿಟ್ಟಿರಿ ಎಂದು ಕೇಳಬೇಕು.

ನಿನ್ನೆ ಕೂತು ಕೇಳಿದೆ. ಮಹಡಿ, ನೀರಿನ ಬಿಂದಿಗೆ, ಸಂಜೆಯ ನಡಿಗೆ, ತಂಗಿಯ ಮನೆ. ಎಲ್ಲ ಬರೆದಿಟ್ಟಿದ್ದೇನೆ. ಮುಂದಿನ ಭೇಟಿಗೆ ತಾನೇ ಬರುತ್ತೇನೆ ಅಂದಿದ್ದಾನೆ ಅಣ್ಣ. ಬರಲಿ, ಪಟ್ಟಿಯನ್ನು ಅವನೇ ವೈದ್ಯೆಗೆ ಓದಿ ಹೇಳಲಿ.