ವಿರಾಜಪೇಟೆಯಿಂದ ಮುಂಬೈಗೆ: ಗಂಡನ ಬಳಿ ಹೋಗುವ ವೀಸಾ ಸಂದರ್ಶನ

"ಬೆಂಗಳೂರಿಗೇ ಅಮೆರಿಕದ ಕಾನ್ಸುಲೇಟ್ ಬಂದಿದೆಯಲ್ಲ, ನೀನೇಕೆ ಮುಂಬೈಗೆ ಹೋಗುತ್ತೀಯ?" ಎಂದು ಕೇಳದವರೇ ಊರಿನಲ್ಲಿ ಇರಲಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಕಚೇರಿ ಉದ್ಘಾಟನೆಯಾದದ್ದು ನಿಜ. ಆದರೆ ವೀಸಾ ಕೆಲಸ ಅಲ್ಲಿ ಶುರುವಾಗಿರಲಿಲ್ಲ. ಅಮೆರಿಕದ ಪ್ರಜೆಯಾದ ಗಂಡನ ಬಳಿ ನೆಲೆಸಲು ಹೋಗುವ ನನ್ನನ್ನು ಕರೆದದ್ದು ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ, ಅದೂ ಜುಲೈ ತಿಂಗಳಲ್ಲಿ.

ಪ್ರಯಾಣದ ಮಾತು ಆಮೇಲೆ. ಮೊದಲು ನಿಮ್ಮ ಹೆಸರನ್ನು ನೋಡಿಕೊಳ್ಳಿ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ನಮ್ಮ ಹೆಸರು ಆಮೇಲೆ. ನನ್ನ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಕ್ಕದ ಹೆಸರು ಒಂದೇ ಅಕ್ಷರಕ್ಕೆ ಇಳಿದಿದೆ. ಪಾಸ್‌ಪೋರ್ಟಿನಲ್ಲಿ ಅದು ಪೂರ್ತಿಯಾಗಿದೆ, ಆದರೆ ಕೊನೆಯ ಹೆಸರಿನ ಜಾಗದಲ್ಲಿದೆ. ಮದುವೆಯಾದ ಮೇಲೆ ತಿದ್ದಿಸಿದ ಆಧಾರ್‌ನಲ್ಲಿ ಗಂಡನ ಒಕ್ಕ ಬಂದು ಕೂತಿದೆ. ಜನನ ಪ್ರಮಾಣಪತ್ರದಲ್ಲಂತೂ ಹೆಸರೇ ಇರಲಿಲ್ಲ, ಬರೀ "ಹೆಣ್ಣು" ಎಂದಿತ್ತು. ಅದರಲ್ಲಿ ಹೆಸರು ಸೇರಿಸಲು ಒಂದು ಕಚೇರಿಗೆ ನಾಲ್ಕು ಬಾರಿ ಅಲೆದೆ. ಒಮ್ಮೆ ಅಪ್ಪನ ಹೆಸರಿನ ಕಾಗುಣಿತವನ್ನೇ ತಪ್ಪಿಸಿ ಕೊಟ್ಟರು. ಇದನ್ನೆಲ್ಲ ಸಂದರ್ಶನದ ದಿನ ಗೊತ್ತಾದ ಮೇಲೆ ಮಾಡುತ್ತೇನೆಂದರೆ ಆಗದು. ಗಂಡ ಅಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಲು ಐ-130 ಎಂಬ ಅರ್ಜಿ ಹಾಕಿದ ವಾರವೇ ನೀವು ಇಲ್ಲಿ ಹಳೆಯ ಟ್ರಂಕು ತೆರೆಯಿರಿ. ಮುಂದೆ ಡಿಎಸ್-260 ಎಂಬ ವೀಸಾ ಅರ್ಜಿ ತುಂಬುವಾಗ ಹಿಂದೆ ಬಳಸಿದ ಬೇರೆ ಹೆಸರುಗಳನ್ನು ಕೇಳುತ್ತಾರೆ. ಎಲ್ಲ ರೂಪಗಳನ್ನೂ ಬರೆಯಿರಿ, ಮುಚ್ಚಿಡಬೇಡಿ.

ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಈಗ ಬೆಂಗಳೂರಿಗೆ ಹೋಗಬೇಕಿಲ್ಲ. 2022ರಿಂದ ಅಂಚೆ ಕಚೇರಿಗಳ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಅರ್ಜಿ ಪಡೆಯುತ್ತಾರೆ. ನನ್ನದು ಮೈಸೂರಿನಲ್ಲಿ ಆಯಿತು. ಶುಲ್ಕಗಳ ಲೆಕ್ಕ: ವೀಸಾ ಅರ್ಜಿಗೆ 325 ಡಾಲರ್, ಗಂಡ ಕೊಡುವ ಆರ್ಥಿಕ ಹೊಣೆಪತ್ರದ ಪರಿಶೀಲನೆಗೆ 120 ಡಾಲರ್. ಭಾವಚಿತ್ರ ಎರಡು ಅಂಗುಲ ಚೌಕ, ಬಿಳಿ ಹಿನ್ನೆಲೆ, ಕನ್ನಡಕ ತೆಗೆದು.

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ವಿರಾಜಪೇಟೆಯ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ. ಅಪ್ಪನಿಗೆ ವಿಮಾನವೆಂದರೆ ಆಗದು. ಹಾಗಾಗಿ ಮಡಿಕೇರಿ, ಸಂಪಾಜೆ, ಸುಳ್ಯದ ದಾರಿ ಹಿಡಿದು ಮಂಗಳೂರಿಗೆ ಹೋಗಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿದೆವು. ಅದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಸುತ್ತದೆ. ಅಲ್ಲಿಂದ ಕಾನ್ಸುಲೇಟ್ ದೂರವಿಲ್ಲ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ನೋಡಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಸಂಪಾಜೆಯ ರಸ್ತೆಯೇ ಮುಚ್ಚಿಹೋದದ್ದನ್ನು ಮರೆತವರು ಮಾತ್ರ ಜುಲೈಯಲ್ಲಿ ಕೊನೆಯ ದಿನ ಹೊರಡುತ್ತಾರೆ. ನಾವು ಎರಡು ದಿನ ಹೆಚ್ಚಿಟ್ಟುಕೊಂಡು ಹೊರಟೆವು.

ಮುಂಬೈಯಲ್ಲಿ ಒಂದು ವಾರ ಉಳಿಯಬೇಕಾಯಿತು. ವೈದ್ಯಕೀಯ ಪರೀಕ್ಷೆಯನ್ನು ಕಾನ್ಸುಲೇಟಿನವರು ಗೊತ್ತುಪಡಿಸಿದ ವೈದ್ಯರಲ್ಲೇ ಮಾಡಿಸಬೇಕು: ರಕ್ತ, ಎದೆಯ ಎಕ್ಸ್‌ರೇ, ಲಸಿಕೆ. ಬಾಲ್ಯದ ಲಸಿಕೆ ಕಾರ್ಡನ್ನು ಅವ್ವ ಯಾವುದೋ ಡಬ್ಬಿಯಲ್ಲಿಟ್ಟು ಮರೆತಿದ್ದರಿಂದ ನನಗೆ ಒಂದೇ ದಿನ ಮೂರು ಚುಚ್ಚುಮದ್ದು ಬಿತ್ತು. ಅಲ್ಲಿ ಮುಚ್ಚಿದ ಲಕೋಟೆ ಕೊಟ್ಟರೆ ಕುತೂಹಲಕ್ಕೂ ಒಡೆಯಬೇಡಿ. ಬೆರಳಚ್ಚು ಕೊಡುವ ಕೇಂದ್ರದ ಕೆಲಸ ಅರ್ಧ ಗಂಟೆಯದು.

ಸಂದರ್ಶನದ ದಿನ ಮೊಬೈಲ್, ಚೀಲ, ಸ್ಮಾರ್ಟ್ ಗಡಿಯಾರ ಯಾವುದನ್ನೂ ಒಳಗೆ ಬಿಡುವುದಿಲ್ಲ. ಕಾಗದಗಳ ಕಡತವೊಂದೇ ಕೈಯಲ್ಲಿರಲಿ. ಜೊತೆಗೆ ಯಾರಾದರೂ ಬಂದಿದ್ದರೆ ಒಳ್ಳೆಯದು. ಅಪ್ಪ ನನ್ನ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕಾಫಿ ಕೊಯ್ಲಿನ ಹಣದಂತೆ ಎದೆಗೊತ್ತಿಕೊಂಡು ಕೊಡೆಯಡಿ ನಿಂತಿದ್ದರು.

ಗಾಜಿನ ಕಿಟಕಿಯ ಮುಂದೆ ನಿಂತೇ ಮಾತನಾಡಬೇಕು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಪರಿಚಯ ಹೇಗಾಯಿತು, ಗಂಡನ ಕೆಲಸವೇನು, ಕೊನೆಯ ಬಾರಿ ಯಾವಾಗ ಬಂದಿದ್ದರು ಎಂಬ ಪ್ರಶ್ನೆಗಳು ಸಲೀಸಾಗಿ ಮುಗಿದವು. ಅಧಿಕಾರಿ ಮದುವೆಯ ಚಿತ್ರಗಳನ್ನು ತಿರುವಿದಾಗ ನಿಂತುಹೋದರು. ಪುರೋಹಿತರಿಲ್ಲ, ಹೋಮವಿಲ್ಲ, ವರ ತಾಳಿ ಕಟ್ಟುವ ಚಿತ್ರವೂ ಇಲ್ಲ. ಇರುವುದು ಸೊಂಟದಲ್ಲಿ ಪೀಚೆಕತ್ತಿಯೆಂಬ ಕಿರುಗತ್ತಿ ಸಿಕ್ಕಿಸಿಕೊಂಡ ವರ, ಬಾಳೆಯ ದಿಂಡು ಕಡಿಯುವ ಕತ್ತಿ, ಅಕ್ಕಿ ಹಾಕಿ ಹರಸುವ ಹಿರಿಯರು. ಮದುಮಗಳು ಬಾವಿಯಿಂದ ನೀರು ಹೊತ್ತು ತರುವ ಗಂಗಾಪೂಜೆಯ ಚಿತ್ರ ತೋರಿಸಿ, "ನೀವು ತಲೆಯ ಮೇಲೆ ಕೊಡ ಹೊತ್ತಿದ್ದೀರಿ, ಇವರು ದಾರಿಗೆ ಅಡ್ಡವಾಗಿ ಕುಣಿಯುತ್ತಿದ್ದಾರೆ, ಏಕೆ?" ಎಂದು ಕೇಳಿದರು. ವಾಲಗ ನಿಲ್ಲುವವರೆಗೆ ಸೊಸೆಗೆ ದಾರಿ ಬಿಡದಿರುವುದೇ ಗಂಡನ ಮನೆಯವರ ಸಂಭ್ರಮ, ನಾನು ಹಾಗೆ ಗಂಟೆಗಟ್ಟಲೆ ನಿಂತಿದ್ದೆ ಎಂದೆ. ಅವರು ನಕ್ಕರು. ಕತ್ತು ನೋಯಲಿಲ್ಲವೇ ಎಂದೂ ಕೇಳಿದರು.

ಅಂಥ ಚಿತ್ರಗಳ ಹಿಂಬದಿಯಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ ಬರೆದಿಡಿ: ಯಾವ ಶಾಸ್ತ್ರ, ಯಾರು ಯಾರು, ಯಾವ ಮನೆ. ಇನ್ನೂರು ಚಿತ್ರ ಬೇಡ, ಹದಿನೈದು ಸಾಕು. ಮದುವೆ ಮಂಟಪದವು ಎಷ್ಟಿವೆಯೋ ಅಷ್ಟೇ ಚಿತ್ರಗಳು ಮನೆಯಲ್ಲಿ ಸುಮ್ಮನೆ ಕೂತವೂ ಇರಲಿ. ಉಪನೋಂದಣಾಧಿಕಾರಿಗಳ ಕಚೇರಿಯ ವಿವಾಹ ಪ್ರಮಾಣಪತ್ರದ ಮೂಲಪ್ರತಿ ಕಡ್ಡಾಯ. ಕಲ್ಯಾಣ ಮಂಟಪದ ರಸೀದಿ ಅದರ ಜಾಗ ತುಂಬದು. ಏನಾದರೂ ಕಡಿಮೆಯಿದ್ದರೆ 221(ಜಿ) ಎಂಬ ಚೀಟಿ ಕೊಡುತ್ತಾರೆ. ಅದನ್ನು ಕಂಡು ಅಳಬೇಡಿ. ಕೇಳಿದ ಕಾಗದ ಒದಗಿಸಿದರೆ ಕಡತ ಮುಂದೆ ಹೋಗುತ್ತದೆ.

ನನ್ನ ಪಾಸ್‌ಪೋರ್ಟನ್ನು ಅಲ್ಲೇ ಇಟ್ಟುಕೊಂಡರು. ಅದು ಮರಳಿದ ಮೇಲೆ, ವಿಮಾನ ಹತ್ತುವ ಮೊದಲು, ಗ್ರೀನ್ ಕಾರ್ಡಿಗಾಗಿ 235 ಡಾಲರ್ ಶುಲ್ಕವನ್ನು ಆನ್‌ಲೈನ್‌ನಲ್ಲಿ ಕಟ್ಟಿದೆ. ಅಲ್ಲಿ ಕಾಲಿಡುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಮೊದಲ ಕಾರ್ಡು ಎರಡೇ ವರ್ಷದ್ದು, ನೆನಪಿರಲಿ.

ವೀಸಾ ಕೈಗೆ ಬಂದ ಕೂಡಲೇ ಅದರ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ತಪ್ಪಿದ್ದರೆ ಹೊರಡುವ ಮುನ್ನವೇ ತಿಳಿಸಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಅಪ್ಪನದು. ಕನ್ನಡಕ ಒರೆಸಿಕೊಂಡು ಮೂರು ಬಾರಿ ಓದಿ, "ನಮ್ಮ ಒಕ್ಕ ಸರಿಯಾಗಿದೆ" ಎಂದು ಪಾಸ್‌ಪೋರ್ಟನ್ನು ಅವ್ವನ ಕೈಗೆ ಕೊಟ್ಟರು.