ಅಪ್ಪಯ್ಯನ ಕಾಲು ಏಳದ ಆ ಬೆಳಗ್ಗೆ, ಮತ್ತೆ ಪೊಟ್ಯಾಸಿಯಂ

ಆಷಾಢದ ಮಳೆ ಹಿಡಿದು ಹೊಡೀತಿತ್ತು, ಅಡಿಕೆ ತೋಟಕ್ಕೆ ಎರಡನೇ ಸಲ ಕೊಳೆರೋಗದ ಔಷಧಿ ಹೊಡೆಸೋದು ಬಾಕಿ ಇತ್ತು, ಅಷ್ಟರಲ್ಲಿ ಅಪ್ಪಯ್ಯಂಗೆ ಭೇದಿ ಶುರುವಾಯ್ತು. ನಾಲ್ಕು ದಿನ. ಗಂಜಿ ಬಿಟ್ರೆ ಎಂತದೂ ಬೇಡ ಅಂತಿದ್ರಂತೆ, ಆದ್ರೆ ಬೀಪಿ ಮಾತ್ರೆ ಒಂದು ದಿನಾನೂ ತಪ್ಪಿಸ್ಲಿಲ್ಲ. ಐದನೇ ದಿನ ಬೆಳಗ್ಗೆ ಅಮ್ಮ ಫೋನ್ ಮಾಡಿ "ಅಪ್ಪಯ್ಯಂಗೆ ಮಂಚದಿಂದ ಏಳಕ್ಕೇ ಆಗ್ತಿಲ್ಲ ಕಣೋ, ಕಾಲಲ್ಲಿ ಜೀವನೇ ಇಲ್ಲ ಅಂತಾರೆ" ಅಂದ್ರು. ನಂಗೆ ಮೊದ್ಲು ಹೊಳೆದಿದ್ದು ಲಕ್ವ. ತೀರ್ಥಹಳ್ಳಿ ಕಡೆಯಿಂದ ಚಿಕ್ಕಪ್ಪನ ಮಗ ಆ ಮಳೇಲೇ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಕರ್ಕೊಂಡು ಬಂದ, ನಾನು ಆಸ್ಪತ್ರೆ ಬಾಗ್ಲಲ್ಲೇ ಕಾಯ್ತಾ ನಿಂತಿದ್ದೆ.

ಮಾತು ಸರಿ ಇತ್ತು, ಬಾಯಿ ಸೊಟ್ಟ ಆಗಿರ್ಲಿಲ್ಲ, ಎರಡೂ ಕಾಲು ಒಂದೇ ಥರ ಸೋತಿದ್ವು. ಡಾಕ್ಟ್ರು ಇಸಿಜಿ ತೆಗ್ದು ಆ ಕಾಗದ ನಂಗೂ ತೋರ್ಸಿದ್ರು, ಗುಡ್ಡದ ಥರ ಎದ್ದಿರಬೇಕಾದ ಟಿ ಅಲೆ ಚಪ್ಪಟೆ ಆಗಿತ್ತು, ಅದ್ರ ಹಿಂದೆ ಯು ಅನ್ನೋ ಇನ್ನೊಂದು ಸಣ್ಣ ಉಬ್ಬು. ರಕ್ತದ ರಿಪೋರ್ಟ್ ಬಂತು, ಪೊಟ್ಯಾಸಿಯಂ, ಅಂದ್ರೆ ಸ್ನಾಯು, ಎದೆ ಬಡಿತ ಸರಿಯಾಗಿ ನಡೆಯೋಕೆ ಬೇಕಾದ ಲವಣ, ಲೀಟರ್ ರಕ್ತಕ್ಕೆ 2.3 ಮಿಲಿಮೋಲ್ (ಲವಣ ಅಳೆಯೋ ಲೆಕ್ಕ). ಇರಬೇಕಾದ್ದು 3.5ರಿಂದ 5. 2.5ಕ್ಕಿಂತ ಕೆಳಗೆ ಹೋದ್ರೆ ಮಾಂಸಖಂಡ ಸೋಲೋದಷ್ಟೇ ಅಲ್ಲ, ಎದೆ ಬಡಿತವೇ ದಾರಿ ತಪ್ಪಬಹುದು, ಉಸಿರಾಟದ ಸ್ನಾಯುಗಳೂ ಸೋಲಬಹುದು.

ಆಮೇಲೆ ಯೋಚ್ನೆ ಮಾಡಿದ್ರೆ ಸೂಚನೆ ಎಲ್ಲಾ ಮೊದ್ಲೇ ಇತ್ತು. ಎರಡು ತಿಂಗಳಿಂದ ರಾತ್ರಿ ಮೀನಖಂಡ ಹಿಡ್ಕೊಳ್ತದೆ ಅಂತಿದ್ರು, ಮಲಬದ್ಧತೆ ಅಂತಿದ್ರು, ತೋಟದ ಮೆಟ್ಲು ಹತ್ತೋಕೆ ಸುಸ್ತು ಅಂತಿದ್ರು. ನಾವೆಲ್ಲ ವಯಸ್ಸಾಯ್ತು, ಮಳೆಗಾಲ ಬೇರೆ, ಅಂತ ಬಿಟ್ವಿ. ಅದು ನಂಗೆ ಈಗ್ಲೂ ಸಂಕಟ ಆಗ್ತದೆ.

ಕಾರಣ ಎರಡು ಸೇರಿತ್ತು. ಬೀಪಿ ಮಾತ್ರೆಯೊಳಗೆ ಹೈಡ್ರೋಕ್ಲೋರೋಥಯಾಝೈಡ್ ಇತ್ತು, ಅಂದ್ರೆ ಮೂತ್ರ ಜಾಸ್ತಿ ಮಾಡ್ಸೋ ಔಷಧಿ, ಅದು ಉಪ್ಪಿನ ಜೊತೆ ಪೊಟ್ಯಾಸಿಯಮ್ಮನ್ನೂ ಹೊರಗೆ ಹಾಕ್ತದೆ. ಅದ್ರ ಮೇಲೆ ಭೇದಿ. ಬರೀ ಉಪ್ಪು ಹಾಕಿದ ಗಂಜಿಯಿಂದ ಅದು ತುಂಬೋದಿಲ್ಲ, ಓಆರ್‌ಎಸ್ ಪುಡೀಲಿ ಲೀಟರಿಗೆ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರ್ತದೆ, ಅದೊಂದು ಪ್ಯಾಕೆಟ್ ಮನೇಲಿ ಇರ್ಬೇಕಿತ್ತು. ಬೇರೆಯವ್ರಿಗೆ ಬೇರೆ ಕಾರಣ ಇರಬಹುದು, ವಿಪರೀತ ವಾಂತಿ (ಆಗ ಪೊಟ್ಯಾಸಿಯಂ ಹೋಗೋದು ಹೆಚ್ಚಾಗಿ ಮೂತ್ರದಲ್ಲೇ), ಕುಡಿತ, ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿ ತೊಂದರೆ, ಥೈರಾಯ್ಡ್ ಜಾಸ್ತಿ ಆಗಿರೋ ಕೆಲವು ಗಂಡಸ್ರು ರಾತ್ರಿ ಹೊಟ್ಟೆ ತುಂಬ ಅನ್ನ ಉಂಡು ಮಲಗಿ ಬೆಳಗ್ಗೆ ಕಾಲು ಎತ್ತಕ್ಕೆ ಆಗದೆ ಏಳ್ತಾರಂತೆ. ನಮ್ಮಲ್ಲಿ ಕೆಮ್ಮಿಗೆ ಅಂತ ಜ್ಯೇಷ್ಠಮಧು ಕಷಾಯ ಮಾಡ್ತೀವಲ್ಲ, ಅದನ್ನ ವಾರಗಟ್ಟಲೆ ಜಾಸ್ತಿ ಕುಡಿದ್ರೂ ಪೊಟ್ಯಾಸಿಯಂ ಇಳೀತದೆ, ಬೀಪಿನೂ ಏರ್ತದೆ.

ಡ್ರಿಪ್ ಹಾಕಿದ್ರು. ಹನಿ ಬೀಳೋದು ನೋಡ್ತಾ ಕೂತ್ರೆ ತಾಳ್ಮೆ ಕೆಡ್ತದೆ, ಅಷ್ಟು ನಿಧಾನ, ಗಂಟೆಗೆ 10 ಮಿಲಿಮೋಲ್ ಅಷ್ಟೇ. ಅಪ್ಪಯ್ಯ "ಕೈ ಉರೀತದೆ ಮಾರಾಯ್ತಿ, ಬೇಗ ಬಿಟ್ಟು ಮುಗಿಸಮ್ಮ" ಅಂದ್ರೆ ಸಿಸ್ಟರ್ "ಬೇಗ ಬಿಟ್ರೆ ಹಾರ್ಟೇ ನಿಂತ್ಹೋಗ್ತದೆ ಅಜ್ಜ" ಅಂತ ಇನ್ನೂ ಸ್ವಲ್ಪ ನಿಧಾನ ಮಾಡಿದ್ರು. ಮ್ಯಾಗ್ನೀಸಿಯಂ ಕೂಡ ಕೊಟ್ರು, ಅದು ಕಮ್ಮಿ ಇದ್ರೆ ಎಷ್ಟು ಪೊಟ್ಯಾಸಿಯಂ ಹಾಕಿದ್ರೂ ನಿಲ್ಲಲ್ಲ. ಮೈಯ ಪೊಟ್ಯಾಸಿಯಮ್ಮಲ್ಲಿ 98 ಪರ್ಸೆಂಟ್ ಜೀವಕೋಶದ ಒಳಗೇ ಇರೋದು, ಹಾಗಾಗಿ ರಕ್ತದಲ್ಲಿ 1 ಇಳಿದಿದೆ ಅಂದ್ರೆ ಒಳಗೆ ಸುಮಾರು 200ರಿಂದ 400 ಮಿಲಿಮೋಲ್ ಖಾಲಿ ಆಗಿರ್ತದೆ. ದೊಡ್ಡ ಬಾಳೆಹಣ್ಣಲ್ಲಿ ಇರೋದು ಸುಮಾರು 10. ನೋಡಕ್ಕೆ ಬಂದವ್ರೆಲ್ಲ ಬಾಳೆಹಣ್ಣು, ಎಳನೀರು ತಂದಿದ್ರು, ಪ್ರೀತಿ ದೊಡ್ಡದು, ಆದ್ರೆ ಇಷ್ಟು ಇಳಿದ ಮೇಲೆ ಅದ್ರಿಂದ ಆಗಲ್ಲ. ಇನ್ನೊಂದು, ಕಿಡ್ನಿ ತೊಂದರೆ ಇರೋರಿಗೆ ಇದು ಪೂರ್ತಿ ಉಲ್ಟಾ, ಅವ್ರಿಗೆ ಪೊಟ್ಯಾಸಿಯಂ ಏರೋದೇ ಅಪಾಯ, ದಯವಿಟ್ಟು ಯಾರೂ ಡಾಕ್ಟ್ರನ್ನ ಕೇಳದೆ ಪೊಟ್ಯಾಸಿಯಂ ಸಿರಪ್ ತಂದು ಕುಡೀಬೇಡಿ. ಭೇದಿ ನಿಲ್ದೇ ಇದ್ರೆ ಬೀಪಿ ಮಾತ್ರೆ ಮುಂದುವರ್ಸೋದಾ ಅಂತ ಫೋನ್ ಮಾಡಿ ಕೇಳಿ, ಎಲೆಕ್ಟ್ರೋಲೈಟ್ ಟೆಸ್ಟ್ (ರಕ್ತದಲ್ಲಿರೋ ಲವಣಗಳ ಪರೀಕ್ಷೆ) ಮಾಡ್ಸಿ.

ಮೂರನೇ ದಿನ 3.6ಕ್ಕೆ ಬಂತು, ಅವ್ರೇ ಎದ್ದು ಬಾತ್ರೂಮಿಗೆ ನಡೆದ್ರು. ಮಾತ್ರೆ ಬದಲಾಯ್ತು. ಅವ್ರಿಗೆ ಕೊಟ್ಟ ಸಿರಪ್ ಬಾಟ್ಲಿ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಅಂತ ಓದಿ ಹೇಳಿದಾಗ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ನಿದ್ದು "ಇದು ನಮ್ಮ ಪೊಟ್ಯಾಷ್ ಗೊಬ್ಬರ ಅಲ್ದನಾ" ಅಂದ್ರು. ಹೌದು, ಅದೇ ಉಪ್ಪು. ಅಡಿಕೆ ಮರಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಅಂತ ಲೆಕ್ಕ, ಒಂದು ಮರಕ್ಕೂ ತಪ್ಪಿಸಿದವ್ರಲ್ಲ. ಮೊನ್ನೆ ಟೆಸ್ಟಲ್ಲಿ 4.1 ಇತ್ತು, ಫೋನಲ್ಲಿ ನಂಬರ್ ಹೇಳಿದ್ದೇ ತಡ, ಮಳೆ ಹೊಳವಾಗಿದೆ, ನಾಳೆ ಗೊಬ್ಬರ ಹಾಕ್ಸಬೇಕು ಅಂತ ಆಳುಗಳ ಲೆಕ್ಕ ಶುರು ಮಾಡಿದ್ರು.