ಶಿರಸಿಯಿಂದ ಆಧುನಿಕ ಶಿಲ್ಪಗಳನ್ನು ನೋಡಲು ಹೊರಡುವವರಿಗೆ

ಶಿರಸಿಯಿಂದಾಗಲಿ ಕಾರವಾರದಿಂದಾಗಲಿ ಬೆಂಗಳೂರಿನ ಕಲಾ ಗ್ಯಾಲರಿಗಳನ್ನು ನೋಡಲು ಹೊರಡುವವರು ಟಿಕೆಟ್ ಕಾಯ್ದಿರಿಸುವ ಮೊದಲು ವಾರವನ್ನು ನೋಡಿಕೊಳ್ಳಬೇಕು. ಭಾನುವಾರ ರಾತ್ರಿಯ ಬಸ್ಸು ಹತ್ತಿ ಸೋಮವಾರ ಬೆಳಿಗ್ಗೆ ಬೆಂಗಳೂರು ಸೇರುವುದು ನಮ್ಮ ಕಡೆಯವರ ರೂಢಿ. ಆದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ನಡೆಯುತ್ತಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸೋಮವಾರವೇ ರಜೆ. ರಾಷ್ಟ್ರೀಯ ರಜಾದಿನಗಳಲ್ಲಿಯೂ ಅದು ತೆರೆದಿರುವುದಿಲ್ಲ. ಆಧುನಿಕ ಶಿಲ್ಪಗಳ ಪ್ರದರ್ಶನವನ್ನು ನೋಡಲೆಂದು ನಾವು ಮೂವರು, ಅಂದರೆ ನಾನು, ನನ್ನ ಅಣ್ಣನ ಮಗಳು ಹಾಗೂ ಶಿರಸಿಯಲ್ಲಿ ಬಹುಕಾಲ ಗಂಧದ ಕೆತ್ತನೆ ಮಾಡಿದ ಗುಡಿಗಾರ ಹಿರಿಯರೊಬ್ಬರು, ಸೋಮವಾರ ರಾತ್ರಿ ಹೊರಟು ಮಂಗಳವಾರದ ಇಡೀ ಹಗಲನ್ನು ಅದಕ್ಕೇ ಮೀಸಲಿಟ್ಟೆವು. ವಾರದ ನಡುವೆ ಜನ ಕಡಿಮೆ. ಸುತ್ತಲೂ ಖಾಲಿ ಜಾಗವಿದ್ದಾಗ ಮಾತ್ರ ಪೂರ್ಣವಾಗಿ ಕಾಣುವ ಇಂತಹ ಶಿಲ್ಪಗಳಿಗೆ ಅದು ದೊಡ್ಡ ಅನುಕೂಲ.

ಶಿರಸಿಗೆ ರೈಲಿಲ್ಲದಿರುವುದರಿಂದ ರಾತ್ರಿಯ ಬಸ್ಸೇ ಸುಲಭದ ದಾರಿ. ಬಸ್ಸಿನ ಕುಲುಕಾಟ ಆಗದವರು ತಾಳಗುಪ್ಪದವರೆಗೆ ಅಥವಾ ಹಾವೇರಿಯವರೆಗೆ ಹೋಗಿ ರೈಲು ಹಿಡಿಯಬಹುದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಅದು ಸುಬ್ರಹ್ಮಣ್ಯ–ಸಕಲೇಶಪುರ ಘಾಟಿಯ ಮೂಲಕ ಸಾಗುವುದರಿಂದ, ಗುಡ್ಡ ಕುಸಿಯುವ ಮಳೆಗಾಲದಲ್ಲಿ ಹೊರಡುವ ದಿನ ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ಬೆಂಗಳೂರು ತಲುಪಿದ ಕೂಡಲೇ ಗ್ಯಾಲರಿಗೆ ಧಾವಿಸದೆ, ಸ್ನಾನ ಮುಗಿಸಿ, ತಿಂಡಿ ತಿಂದು, ಸ್ವಲ್ಪ ವಿಶ್ರಾಂತಿ ಪಡೆದು ಹೋಗಬೇಕು; ಚಿತ್ರಗಳನ್ನು ದಣಿದ ಕಣ್ಣಿನಿಂದ ಹೇಗೋ ನೋಡಿಯಾರು, ಶಿಲ್ಪಗಳನ್ನು ದಣಿದ ಕಾಲಿನಿಂದ ನೋಡಲಾಗದು. ದೊಡ್ಡ ಚೀಲಗಳನ್ನು ಒಳಗೆ ಒಯ್ಯಲು ಬಿಡುವುದಿಲ್ಲವಾದ್ದರಿಂದ ಅವನ್ನು ಇಳಿದುಕೊಂಡಲ್ಲಿಯೇ ಬಿಟ್ಟು ಹೋಗುವುದು ಉತ್ತಮ. ಪ್ರವೇಶ ಶುಲ್ಕ ಅಲ್ಪ.

ಹೊರಡುವ ಮೊದಲೇ ಮಾಡಿಕೊಳ್ಳಬಹುದಾದ ಒಂದು ಸಿದ್ಧತೆಯಿದೆ. ಶಿರಸಿಯಿಂದ ಸುಮಾರು 22 ಕಿ.ಮೀ. ದೂರದ ಬನವಾಸಿಗೆ ಹೋಗಿ, ಮಧುಕೇಶ್ವರ ದೇವಾಲಯದ ಮಂಟಪದಲ್ಲಿ ಅರ್ಧ ಗಂಟೆ ಕುಳಿತು ಬನ್ನಿ. ಮೂರ್ತಿಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ತಿರುಗಣೆಯಲ್ಲಿ ಕಡೆದಂತೆ ನುಣುಪಾದ ಆ ಕಂಬಗಳನ್ನೇ ನೋಡಬೇಕು. ಅವುಗಳ ಬಹುಭಾಗದಲ್ಲಿ ದೇವರಿಲ್ಲ, ಕಥೆಯಿಲ್ಲ. ಇರುವುದು ಸುತ್ತಳತೆಯ ಏರಿಳಿತ, ಅಂಚಿನ ಹರಿತ, ಮೆರುಗಿನ ಮೇಲೆ ಜಾರುವ ಬೆಳಕು. ನಾವು ಸರಿದಾಡಿದಂತೆ ನಮ್ಮ ನೆರಳೂ ಅದರ ಮೇಲೆ ಹಿಗ್ಗಿ ಕುಗ್ಗುತ್ತದೆ. ಆ ಕಂಬಗಳನ್ನು ಮೆಚ್ಚಬಲ್ಲವರಿಗೆ ಆಧುನಿಕ ಶಿಲ್ಪ ಪರಕೀಯವೆನಿಸಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗ್ಯಾಲರಿಯಲ್ಲಿ ಹಳೆಯ ಬಂಗಲೆಯ ಕೋಣೆಗಳೂ ಹಿಂದಿನ ಹೊಸ ಕಟ್ಟಡವೂ ಇವೆ. ಮೊದಲು ಯಾವ ಫಲಕವನ್ನೂ ಓದದೆ ಎಲ್ಲವನ್ನೂ ಒಮ್ಮೆ ಸುತ್ತಿ ಬಂದು, ಕಾಲು ತಾನಾಗಿ ನಿಂತ ನಾಲ್ಕೈದು ಶಿಲ್ಪಗಳಿಗೆ ಮರಳಿ ಹೋಗಿ, ಅವುಗಳ ಸುತ್ತ ನಿಧಾನವಾಗಿ ನಡೆಯಬೇಕು. ಎದುರಿನಿಂದ ತೆಗೆದ ಫೋಟೋದಲ್ಲಿ ಬರಿಯ ಗುಂಡುಕಲ್ಲಿನಂತೆ ಕಾಣುವುದು, ಬದಿಗೆ ಬಂದಾಗ ತೆಳುವಾಗುತ್ತದೆ, ಇನ್ನೆರಡು ಹೆಜ್ಜೆಗೆ ವಾಲಿದಂತೆ ತೋರುತ್ತದೆ, ಹಿಂದಿನಿಂದ ಬೇರೊಂದೇ ವಸ್ತುವಾಗುತ್ತದೆ. ಮುಟ್ಟಲು ಅನುಮತಿಯಿಲ್ಲ; ನೆಲದ ಮೇಲೆ ಗೆರೆ ಎಳೆದಿದ್ದರೆ ದಾಟಬಾರದು. ಕುಳಿತು ನೋಡಲು ಮಾತ್ರ ಯಾರ ಅಡ್ಡಿಯೂ ಇಲ್ಲ, ಕೆಲವು ಶಿಲ್ಪಗಳು ಕಣ್ಣಿನ ಮಟ್ಟ ಇಳಿದಾಗಲೇ ತಮ್ಮ ಭಾರವನ್ನು ತೋರುತ್ತವೆ.

ನಮ್ಮ ಜೊತೆಗಿದ್ದ ಹಿರಿಯರು ನೋಡುವ ರೀತಿಯಿಂದ ನಾನು ಬಹಳ ಕಲಿತೆ. ಇದು ಏನು, ಯಾರದು ಎಂದು ಅವರು ಕೇಳಲೇ ಇಲ್ಲ. ಪೀಠ ಮತ್ತು ಕಲ್ಲು ಎಲ್ಲಿ ಸೇರಿವೆ, ಮರದ ಎಳೆ ಯಾವ ದಿಕ್ಕಿಗೆ ಓಡಿದೆ, ಉಳಿಯ ಗುರುತನ್ನು ಎಲ್ಲಿ ಉಳಿಸಿದ್ದಾರೆ, ಎಲ್ಲಿ ಉಜ್ಜಿ ಅಳಿಸಿದ್ದಾರೆ ಎಂಬುದನ್ನೇ ಹುಡುಕಿದರು. ಅಲಂಕಾರವೇ ಇಲ್ಲದ ಮರದ ಆಕೃತಿಯೊಂದರ ಮುಂದೆ ಬಹಳ ಹೊತ್ತು ನಿಂತು, “ತಂಗಿ, ನಮ್ಮ ಕೆಲಸದಲ್ಲಿ ಒಂದು ಕಡೆ ಉಳಿ ಜಾರಿದರೆ ಅಲ್ಲೊಂದು ಎಲೆಯನ್ನೋ ಬಳ್ಳಿಯನ್ನೋ ತಂದು ಸರಿಪಡಿಸಬಹುದು. ಇಲ್ಲಿ ಗೆರೆ ತಪ್ಪಿದರೆ ತಪ್ಪಿದ್ದೇ, ಮುಚ್ಚಲು ಏನೂ ಇಲ್ಲ,” ಎಂದು ಅಣ್ಣನ ಮಗಳಿಗೆ ಹೇಳಿದರು. ಸರಳವಾಗಿ ಕಾಣುವ ಆಕೃತಿಯ ಕಷ್ಟ ಎಲ್ಲಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದವರನ್ನು ನಾನು ಕಂಡಿಲ್ಲ. ಕೈಕೆಲಸ ಬಲ್ಲ ಒಬ್ಬರನ್ನು, ಬಡಗಿಯಾಗಲಿ ಕಲ್ಲುಕುಟಿಗರಾಗಲಿ, ಜೊತೆಗೆ ಕರೆದೊಯ್ಯಿರಿ ಎಂದು ನಾನು ಸಲಹೆ ಕೊಡುವುದು ಇದೇ ಕಾರಣಕ್ಕೆ.

ಸ್ವಲ್ಪ ಇತಿಹಾಸವನ್ನೂ ತಿಳಿದು ಹೋದರೆ ನೋಟ ಗಟ್ಟಿಯಾಗುತ್ತದೆ. ರುಮೇನಿಯಾದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ಕಾನ್‌ಸ್ಟಂಟಿನ್ ಬ್ರಾಂಕುಶಿಯ ‘ಬರ್ಡ್ ಇನ್ ಸ್ಪೇಸ್’ ಎಂಬ ಕಂಚಿನ ಶಿಲ್ಪ 1926ರಲ್ಲಿ ನ್ಯೂಯಾರ್ಕ್ ತಲುಪಿದಾಗ, ರೆಕ್ಕೆ ಕೊಕ್ಕುಗಳಿಲ್ಲದ ಅದನ್ನು ಕಲಾಕೃತಿಯೆಂದು ಒಪ್ಪದ ಸುಂಕದ ಅಧಿಕಾರಿಗಳು ಲೋಹದ ಸಾಮಾನಿಗೆ ಹಾಕುವಂತೆ ಶೇ. 40ರ ಸುಂಕ ವಿಧಿಸಿದರು. ಅದು ಕಲೆಯೇ ಹೌದು ಎಂದು ನ್ಯಾಯಾಲಯ 1928ರಲ್ಲಿ ತೀರ್ಪು ಕೊಟ್ಟಿತು. ಅದೇ ಸರಣಿಯ ಮೂರು ಶಿಲ್ಪಗಳನ್ನು ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಕೊಂಡಿದ್ದರು. ಅವುಗಳಿಗಾಗಿ ಒಂದು ಮಂದಿರವನ್ನೇ ಕಟ್ಟಿಸುವ ವಿಚಾರದಿಂದ ಬ್ರಾಂಕುಶಿ ಇಂದೋರಿಗೂ ಬಂದಿದ್ದರು, ಆದರೆ ಮಂದಿರ ಮೇಲೇಳಲಿಲ್ಲ.

1960ರ ದಶಕದ ಅಮೆರಿಕದ ಮಿನಿಮಲಿಸ್ಟರು, ಅಂದರೆ ಅಲಂಕಾರವನ್ನೆಲ್ಲ ಬಿಟ್ಟು ತೀರ ಸರಳ ಆಕಾರಗಳನ್ನಷ್ಟೇ ಉಳಿಸಿಕೊಂಡ ಕಲಾವಿದರು, ಇನ್ನೂ ಮುಂದೆ ಹೋದರು. ಕಾರ್ಲ್ ಆಂದ್ರೆ 1966ರಲ್ಲಿ 120 ಇಟ್ಟಿಗೆಗಳನ್ನು ಗಾರೆಯಿಲ್ಲದೆ ಎರಡು ಪದರಗಳಲ್ಲಿ ನೆಲದ ಮೇಲೆ ಜೋಡಿಸಿಟ್ಟರು. ಡೊನಾಲ್ಡ್ ಜಡ್ ತಮ್ಮ ಲೋಹದ ಪೆಟ್ಟಿಗೆಗಳನ್ನು ಅಳತೆ ಕೊಟ್ಟು ಕಾರ್ಖಾನೆಯಲ್ಲಿ ಮಾಡಿಸಿದರು. ಇದನ್ನು ಹೇಳಿದಾಗ ನಮ್ಮ ಹಿರಿಯರು ಒಪ್ಪಲಿಲ್ಲ, ಮಾಡಿದವನ ಕೈಗೆ ಹೆಸರು ಸಲ್ಲಬೇಕೆಂಬುದು ಅವರ ವಾದ. ಅವರ ಮಾತಿನಲ್ಲಿ ನ್ಯಾಯವಿದೆ. ಆದರೂ ಅಂತಹ ಕೃತಿಯಲ್ಲಿ ನೋಡಬೇಕಾದದ್ದು ಪೆಟ್ಟಿಗೆಯನ್ನಷ್ಟೇ ಅಲ್ಲ. ಎರಡು ಪೆಟ್ಟಿಗೆಗಳ ನಡುವಿನ ಅಂತರ, ಗೋಡೆ, ನೆಲ, ಅಲ್ಲಿ ನಿಂತಿರುವ ನಮ್ಮ ಮೈ ಎಲ್ಲವೂ ಆ ಕೃತಿಯ ಲೆಕ್ಕದಲ್ಲಿ ಸೇರಿವೆ ಎಂದು ನಾನು ತಿಳಿದಿದ್ದೇನೆ.

ಭಾರತದ ಶಿಲ್ಪಿಗಳ ದಾರಿ ಬೇರೆ. ರಾಮಕಿಂಕರ್ ಬೈಜ್ 1938ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ‘ಸಂತಾಲ್ ಕುಟುಂಬ’ವನ್ನು ನಿಲ್ಲಿಸಿದ್ದು ಸಿಮೆಂಟು ಹಾಗೂ ಲ್ಯಾಟರೈಟ್ ಹರಳಿನಿಂದ, ಅಂದರೆ ನಮ್ಮ ಕರಾವಳಿಯ ಮನೆಗಳ ಗೋಡೆಗೆ ಬಳಸುವ ಚಿರೆಕಲ್ಲಿನ ಜಾತಿಯ ಕಲ್ಲಿನಿಂದ. ಮೃಣಾಲಿನಿ ಮುಖರ್ಜಿ ಸೆಣಬಿನಂತಹ ನಾರಿನ ಹಗ್ಗವನ್ನು ಗಂಟು ಹಾಕುತ್ತಲೇ ಆಳೆತ್ತರದ ಆಕೃತಿಗಳನ್ನು ಕಟ್ಟಿದರು. ಹಗ್ಗ ಹೊಸೆಯುವುದನ್ನು ಕಂಡು ಬೆಳೆದ ನಮ್ಮ ಕಡೆಯವರು ಆ ಗಂಟುಗಳನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಬಿಡಬಾರದು. ಗ್ಯಾಲರಿಗಳಲ್ಲಿ ಪ್ರದರ್ಶನಗಳು ಬದಲಾಗುತ್ತಿರುವುದರಿಂದ, ಯಾರ ಕೃತಿಗಳಿವೆ ಎಂಬುದನ್ನು ಗ್ಯಾಲರಿಯ ಜಾಲತಾಣದಲ್ಲಿ ನೋಡಿಕೊಂಡೇ ದಿನ ನಿಗದಿ ಮಾಡಬೇಕು.

ಸಮಯ ಉಳಿದರೆ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ ಅದು ನಡೆಯುವಷ್ಟು ದೂರ. ಎರಡನ್ನೂ ಒಂದೇ ಹಗಲಿನಲ್ಲಿ ತುರುಕುವುದಕ್ಕಿಂತ ಮರುದಿನ ಬೆಳಿಗ್ಗೆ ನೋಡಿ, ರಾತ್ರಿ ಊರಿನ ಬಸ್ಸು ಹತ್ತುವುದು ಲೇಸು. ಶಾಲಾ ಮಕ್ಕಳನ್ನು ಕರೆತರುವ ಶಿಕ್ಷಕರು ಗ್ಯಾಲರಿಗೆ ಮುಂಚಿತವಾಗಿ ತಿಳಿಸಿ, ಐದಾರು ಮಕ್ಕಳ ಗುಂಪು ಮಾಡಿ, ಗುಂಪಿಗೊಂದು ಶಿಲ್ಪವನ್ನು ವಹಿಸಿ, ಅದನ್ನು ನಾಲ್ಕು ದಿಕ್ಕಿನಿಂದ ಪೆನ್ಸಿಲ್ಲಿನಲ್ಲಿ ಬರೆಯಲು ಹೇಳಬೇಕು. ಅಣ್ಣನ ಮಗಳು ಹಾಗೆಯೇ ಬರೆದ ಹಾಳೆಗಳಲ್ಲಿ ನಾಲ್ಕೂ ಆಕಾರಗಳು ಬೇರೆಬೇರೆಯಾಗಿದ್ದವು. ಅವನ್ನು ನೋಡಿದ ಮೇಲೆ ಅವಳೇ ಮೂರನೆಯ ದಿಕ್ಕಿನಿಂದ ಮತ್ತೊಮ್ಮೆ ಬರೆಯಬೇಕೆಂದು ವಾಪಸು ಒಳಗೆ ಹೋದಳು.